ಓಟಿಪಿ ಕೇಳಿ ಬರೆದ ಗುಟ್ಟಿನ ಮಾನಪತ್ರ

ಯಾವುದನ್ನೂ ಸುಲಭಕ್ಕೆ ನಂಬಬಾರದು ಎಂಬುದು ನಾನು ವಿಶ್ವವಿದ್ಯಾಲಯದಲ್ಲಿ ಕಲಿತ ಒಂದೇ ವಿದ್ಯೆ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡುವಾಗ ನಮ್ಮ ಗುರುಗಳು ಪ್ರತಿಯೊಂದು ಶಾಸನದ ಮುಂದೆಯೂ ನಮ್ಮನ್ನು ನಿಲ್ಲಿಸಿ, “ಯಾರು ಬರೆಸಿದ್ದು? ಯಾವಾಗ? ಯಾಕೆ?” ಎಂದು ಕೇಳುತ್ತಿದ್ದರು. ಆ ಅಭ್ಯಾಸ ಎಷ್ಟು ಗಟ್ಟಿಯಾಯಿತೆಂದರೆ, ಮನೆಗೆ ಮದುವೆಯ ಕರೆಯೋಲೆ ಬಂದರೂ ನಾನು ಅದನ್ನು ಮೊದಲು ಅನುಮಾನದಿಂದ ತಿರುಗಿಸಿ ನೋಡುತ್ತೇನೆ. ದೇವರನ್ನು ನಂಬುವುದಿಲ್ಲ. ಹವಾಮಾನ ವರದಿಯನ್ನು ನಂಬುವುದಿಲ್ಲ. ಹೊನ್ನಾವರದ ಮೀನು ಪೇಟೆಯಲ್ಲಿ ‘ಇವತ್ತಿಂದೇ ಮಾಸ್ತರೆ, ಈಗ ದೋಣಿಯಿಂದ ಇಳಿದದ್ದು’ ಎಂಬ ಮಾತನ್ನಂತೂ ಸುತರಾಂ ನಂಬುವುದಿಲ್ಲ.

ಇತ್ತೀಚೆಗೆ ನಾನು ನಂಬದ ವಸ್ತುಗಳಿಗೆ ಇನ್ನೊಂದು ಸೇರಿದೆ. ನನ್ನ ನೆನಪು!

ಒಂದು ಉದಾಹರಣೆ ಸಾಕು. ಸ್ಕೂಟರಿನಲ್ಲಿ ಪೇಟೆಗೆ ಹೋದವನು ಬಂಗಡೆ ಮೀನು ಹಿಡಿದುಕೊಂಡು ನಡೆದೇ ಮನೆಗೆ ಬಂದೆ. ಅಂಗಳದಲ್ಲಿ ಸ್ಕೂಟರ್ ಕಾಣದೆ ಹೌಹಾರಿ, ಕಳುವಾಗಿದೆ ಎಂದು ದೂರು ಕೊಡಲು ಪೊಲೀಸ್ ಠಾಣೆಗೆ ಹೊರಟೆ. ದಾರಿಯಲ್ಲಿ ಮೀನು ಪೇಟೆ. ಅಲ್ಲಿ ನನ್ನ ಸ್ಕೂಟರ್. ಅದರ ಸೀಟಿನ ಮೇಲೆ ಒಂದು ಕಾಗೆ. ಆ ಕಾಗೆ ನನ್ನನ್ನು ನೋಡಿದ ರೀತಿಯನ್ನು ಮಾತ್ರ ನಾನು ಮರೆತಿಲ್ಲ.

ಹೀಗಿರುವಾಗ ಕುಮಟೆಯಲ್ಲಿ ಶಿಕ್ಷಕರಿಗೆ ಒಂದು ತರಬೇತಿ ನಡೆಯಿತು. ವಿಷಯ: ಶಾಲೆಯ ಪಾಠ ಮತ್ತು ಆಡಳಿತದಲ್ಲಿ ಎಲ್ಲರೂ ಕೂಡಿ ಆನ್‌ಲೈನಿನಲ್ಲಿ ಕೆಲಸ ಮಾಡುವುದು. ಒಂದೇ ಡಾಕ್ಯುಮೆಂಟನ್ನು ಎಲ್ಲರೂ ತಂತಮ್ಮ ಫೋನಿನಲ್ಲಿ ತೆರೆಯಬಹುದು, ಎಲ್ಲರೂ ಬರೆಯಬಹುದು, ಎಲ್ಲರೂ ತಿದ್ದಬಹುದು, ಅಂಚಿನಲ್ಲಿ ಟಿಪ್ಪಣಿ ಹಾಕಬಹುದು. ಆ ದಿನ ಸಭಾಂಗಣದಲ್ಲಿ ನೆಟ್‌ವರ್ಕ್ ಇರಲಿಲ್ಲ. ಹಾಗಾಗಿ ತರಬೇತಿ ಕೊಡಲು ಬಂದವರು ನಮಗೆಲ್ಲ ಒಂದೊಂದು ಬಿಳಿ ಹಾಳೆ ಹಂಚಿ, ಒಬ್ಬರು ಬರೆದದ್ದನ್ನು ಪಕ್ಕದವರು ಹೊಡೆದು ಹಾಕುವ ಅಭ್ಯಾಸ ಮಾಡಿಸಿದರು. ಸಂಜೆಯ ಹೊತ್ತಿಗೆ ಇಬ್ಬರು ಮಾಸ್ತರರು ಮಾತು ಬಿಟ್ಟಿದ್ದರು.

ಆದರೆ ಅವರು ಹೇಳಿದ ಒಂದು ಮಾತು ನನ್ನ ಹೃದಯವನ್ನು ತಟ್ಟಿತು. “ಯಾರು, ಯಾವಾಗ, ಎಂತ ಬದಲಾಯಿಸಿದ್ರು ಅನ್ನೋದನ್ನು ಅದೇ ನೆನಪಿಟ್ಕೊಳ್ತದೆ. ನೀವು ಎಂತದೂ ನೆನಪಿಟ್ಕೊಳ್ಳೋದು ಬೇಡ!”

ಆಹಾ! ನಾನು ಹುಡುಕುತ್ತಿದ್ದದ್ದು ಇದನ್ನೇ.

ಮರುದಿನವೇ ಒಂಬತ್ತನೇ ತರಗತಿಯ ಮೇಲೆ ಪ್ರಯೋಗ ಮಾಡಿದೆ. ಕಂಪ್ಯೂಟರ್ ಕೋಣೆಗೆ ಕರೆದೊಯ್ದು, ಉಪ್ಪಿನ ಸತ್ಯಾಗ್ರಹದ ಬಗ್ಗೆ ಎಲ್ಲರೂ ಕೂಡಿ ಒಂದೇ ಪ್ರಬಂಧ ಬರೆಯಿರಿ ಎಂದೆ. ಗಂಟೆ ಹೊಡೆಯುವ ಹೊತ್ತಿಗೆ ಸತ್ಯಾಗ್ರಹಿಗಳು ಮಾಯವಾಗಿ, ಸಂಜೆಯ ಕ್ರಿಕೆಟ್ಟಿನಲ್ಲಿ ಮೊದಲ ಓವರ್ ಯಾರು ಹಾಕಬೇಕೆಂಬ ಚರ್ಚೆ ಪರದೆಯ ತುಂಬ ನಡೆದಿತ್ತು. ಕೊನೆಯ ಸಾಲಿನಲ್ಲಿ ‘ಮಾಸ್ತರು ಬಂದ್ರು’ ಎಂದಿತ್ತು. ಕೂಡಿ ಕೆಲಸ ಮಾಡುವ ಮನೋಭಾವ ಮಕ್ಕಳಲ್ಲಿ ಬೆಳೆದಿದೆ ಎಂದು ವರದಿ ಬರೆದೆ.

ಇನ್ನು ಮುಖ್ಯ ಕತೆಗೆ ಬರುತ್ತೇನೆ.

ನಮ್ಮದು ಹೊನ್ನಾವರದಿಂದ ಶರಾವತಿ ಸೇತುವೆ ದಾಟಿದರೆ ಸಿಗುವ ಕಾಸರಕೋಡದ ಹತ್ತಿರದ ಒಂದು ಪ್ರೌಢಶಾಲೆ. ಅದರ ಮುಖ್ಯಾಧ್ಯಾಪಕಿ ಸರೋಜಿನಿ ಅಕ್ಕೋರು. ನಮ್ಮ ಕಡೆ ಕಲಿಸುವ ಹೆಂಗಸರು ಅಕ್ಕೋರು, ಗಂಡಸರು ಮಾಸ್ತರು. ವಯಸ್ಸಿನ ಪ್ರಶ್ನೆ ಇಲ್ಲ. ಅಕ್ಕೋರು ದಿನಾ ಕುಮಟೆಯಿಂದ ಬಸ್ಸಿನಲ್ಲಿ ಬರುವವರು. ಕನ್ನಡ ಕಲಿಸುವವರು. ಕೈಯಲ್ಲಿ ಸದಾ ಕೆಂಪು ಪೆನ್ನು. ರಜಾ ಅರ್ಜಿ ಕೊಟ್ಟರೆ ರಜೆ ಮಂಜೂರಾಗುವ ಮೊದಲು ಅರ್ಜಿಯ ಭಾಷೆ ತಿದ್ದುಪಡಿಯಾಗಿ ವಾಪಸ್ ಬರುತ್ತಿತ್ತು. ಒಮ್ಮೆ ನಾನು ‘ತೀವ್ರತರವಾದ ಜ್ವರಬಾಧೆಯಿಂದ ಬಳಲುತ್ತಿರುವ ಪ್ರಯುಕ್ತ’ ಎಂದು ಬರೆದದ್ದನ್ನು ಹೊಡೆದು ‘ಜ್ವರ’ ಎಂದಷ್ಟೇ ಉಳಿಸಿದ್ದರು.

ಈ ವರ್ಷ ಅವರು ನಿವೃತ್ತರಾಗುವವರಿದ್ದರು. ಅವರ ನಂತರ ಮುಖ್ಯಾಧ್ಯಾಪಕರ ಚಾರ್ಜ್ ಯಾರಿಗೆ? ಶಾಲೆಯಲ್ಲಿ ಎಲ್ಲರೂ ಕೇಳುತ್ತಿದ್ದ, ಆದರೆ ಕೇಳುತ್ತಿಲ್ಲವೆಂದು ತೋರಿಸಿಕೊಳ್ಳುತ್ತಿದ್ದ ಪ್ರಶ್ನೆ ಅದು. ಹಿರಿತನದಲ್ಲಿ ನಾನು ಮತ್ತು ಹಿಂದಿ ಕಲಿಸುವ ವಿಮಲಾ ಅಕ್ಕೋರು ಸಮಸಮ. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಸರೋಜಿನಿ ಅಕ್ಕೋರು ಯಾರ ಹೆಸರು ಹೇಳುತ್ತಾರೋ ಅವರಿಗೇ ಕೊಡುವುದೆಂದು ಆಡಳಿತ ಮಂಡಳಿಯ ಅಧ್ಯಕ್ಷರು ಹೇಳಿಬಿಟ್ಟಿದ್ದರು.

ಅಧಿಕಾರ, ಕುರ್ಚಿ ಇವುಗಳ ಬಗ್ಗೆ ಇತಿಹಾಸ ಓದಿದವನಿಗೆ ಮೋಹವಿರಬಾರದು. ಎಷ್ಟು ಸಾಮ್ರಾಜ್ಯಗಳು ಬಿದ್ದಿಲ್ಲ! ಆದರೆ ಸರೋಜಿನಿ ಅಕ್ಕೋರ ಕೋಣೆಯ ಕುರ್ಚಿಗೆ ಬೆನ್ನಿನ ಹತ್ತಿರ ಒಂದು ಬಿಳಿ ಟವೆಲ್ ಹಾಕಿದ್ದಾರೆ. ಮೇಲೆ ಫ್ಯಾನ್ ಇದೆ. ಅಕ್ಕೋರು ಇಲ್ಲದ ದಿನ ಸಹಿ ಹಾಕುವ ನೆಪದಲ್ಲಿ ಒಂದೆರಡು ಸಲ ಅದರಲ್ಲಿ ಕೂತು ನೋಡಿದ್ದೆ. ಸಾಮ್ರಾಜ್ಯಗಳು ಬೀಳಲಿ, ಕುರ್ಚಿ ಚೆನ್ನಾಗಿತ್ತು.

ಒಂದು ದಿನ ಸ್ಟಾಫ್ ರೂಮಿನಲ್ಲಿ ಚಾ ಕುಡಿಯುವಾಗ ಬೀಳ್ಕೊಡುಗೆಯ ಮಾತು ಬಂತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಸರಿ. ಮಾನಪತ್ರ ಬರೆಯುವವರು ಯಾರು?

“ನಾನು!” ಎಂದೆ. “ಎಲ್ಲರೂ ಕೂಡಿ ಬರೆಯುವ. ಆನ್‌ಲೈನಿನಲ್ಲಿ. ಅಕ್ಕೋರಿಗೆ ಸುಳಿವೂ ಸಿಗಬಾರದು. ಸಮಾರಂಭದ ದಿನ ದೊಡ್ಡ ಪರದೆಯ ಮೇಲೆ ಹಾಕಿ ಓದುವ!”

“ಅರೇ, ಸುಮ್ನೆ ಪ್ರಿಂಟ್ ಮಾಡ್ಸಿ ಫ್ರೇಮ್ ಹಾಕ್ಸಿ ಸಾಬ್,” ಎಂದರು ಭಟ್ಕಳದಿಂದ ಬರುವ ಗಣಿತದ ಇರ್ಫಾನ್ ಮಾಸ್ತರು. “ಅದಕ್ಕೆ ಕರೆಂಟ್ ಬೇಡ.”

ನಾನು ಕನಿಕರದಿಂದ ನಕ್ಕೆ. ಅಧ್ಯಕ್ಷರ ಎದುರು ಪರದೆಯ ಮೇಲೆ ನನ್ನ ಆಡಳಿತ ಸಾಮರ್ಥ್ಯ ಬೆಳಗುವ ದೃಶ್ಯ ಇರ್ಫಾನ್ ಮಾಸ್ತರಿಗೆ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು.

ಆಫೀಸಿನ ಕಂಪ್ಯೂಟರಿನ ಮುಂದೆ ಕೂತೆ. ನನ್ನ ಸ್ವಂತ ಖಾತೆಯ ಪಾಸ್‌ವರ್ಡ್ ಎಂದಿನಂತೆ ನೆನಪಿರಲಿಲ್ಲ. ಪರವಾಗಿಲ್ಲ, ಶಾಲೆಯ ಖಾತೆ ಇದೆ. ಇಡೀ ಶಾಲೆಗೆ ಇರುವುದು ಅದೊಂದೇ ಖಾತೆ. ಹಾಜರಿ, ಮೊಟ್ಟೆ, ಸಮವಸ್ತ್ರ, ಸೈಕಲ್ಲು, ಎಲ್ಲ ಮಾಹಿತಿಯೂ ಅದರಿಂದಲೇ ಮೇಲಕ್ಕೆ ಹೋಗುವುದು. ಅದಕ್ಕೆ ಒಳಹೋಗಬೇಕಾದರೆ ಓಟಿಪಿ ಬೇಕು. ಓಟಿಪಿ ಬರುವುದು ಅಕ್ಕೋರ ಫೋನಿಗೆ. ಹಾಗಾಗಿ ದಿನಕ್ಕೊಮ್ಮೆಯಾದರೂ ಯಾರಾದರೂ ಕಾರಿಡಾರಿನಿಂದ “ಅಕ್ಕೋರೇ, ಓಟಿಪಿ!” ಎಂದು ಕೂಗುವುದು ನಮ್ಮ ಶಾಲೆಯ ಪ್ರಾರ್ಥನೆಯಷ್ಟೇ ಸಹಜ.

ಇದು ಗುಟ್ಟಿನ ಕೆಲಸವಾದ್ದರಿಂದ ನಾನು ಕೂಗಲಿಲ್ಲ. ಮೆಲ್ಲಗೆ ಅವರ ಕೋಣೆಗೇ ಹೋದೆ.

“ಅಕ್ಕೋರೆ, ಒಂದು ಓಟಿಪಿ ಬಂದಿರ್ಬೇಕು.”

“ಬಂತು. ಎಂತಕ್ಕೆ ನಾಯ್ಕ ಮಾಸ್ತರೆ?”

“ಏನಿಲ್ಲ... ಒಂದು ಶೈಕ್ಷಣಿಕ ಕೆಲಸ.”

“ಹೌದಾ? ಒಳ್ಳೇದಾತು. ಬರ್ಕೊಳ್ಳಿ,” ಎಂದು ಒಂದೊಂದೇ ಅಂಕಿಯನ್ನು ನಿಧಾನವಾಗಿ ಓದಿ ಹೇಳಿದರು. ನಾನು ಎಷ್ಟು ಜಾಣ ಎಂದು ಮನಸ್ಸಿನಲ್ಲೇ ಹಿಗ್ಗುತ್ತ ಹೊರಗೆ ಬಂದೆ.

ಓದುಗರು ಈಗಲೇ ನಗಬಾರದು. ನನಗೆ ಅರ್ಥವಾಗುವುದಕ್ಕೆ ಇನ್ನೂ ಸಾಕಷ್ಟು ಕಾಲವಿದೆ.

ಡಾಕ್ಯುಮೆಂಟ್ ಸಿದ್ಧವಾಯಿತು. ಅದೇ ಖಾತೆಯನ್ನು ನನ್ನ ಫೋನಿಗೂ ಹಾಕಿಕೊಂಡೆ. ಲಿಂಕನ್ನು ಅಕ್ಕೋರನ್ನು ಬಿಟ್ಟು ಉಳಿದವರಿಗೆಲ್ಲ ಒಬ್ಬೊಬ್ಬರಿಗೇ ಕಳಿಸಿದೆ. ಅವರವರು ಬರೆದದ್ದಕ್ಕೆ ಅವರವರ ಹೆಸರು ಬರುತ್ತಿತ್ತು. ನಾನು ಬರೆದದ್ದಕ್ಕೆ ಮಾತ್ರ ‘ಶಾಲೆ’ ಎಂದು. ಒಂದು ರೀತಿ ಗೌರವವೇ ಅನ್ನಿಸಿತು. ಫ್ರಾನ್ಸಿನ ದೊರೆಯೊಬ್ಬ ‘ರಾಜ್ಯವೆಂದರೆ ನಾನೇ’ ಎಂದನಂತೆ. ಹಾಗೆ.

ನಮ್ಮ ಊರಿನ ಜನ ಹೊಗಳುವುದರಲ್ಲಿ ಮಹಾ ಜಿಪುಣರು. ಮಗಳು ತಾಲೂಕಿಗೇ ಮೊದಲು ಬಂದರೆ “ಅಡ್ಡಿಲ್ಲ”. ಊಟ ಅಮೃತದಂತಿದ್ದರೆ “ಅಡ್ಡಿಲ್ಲ”. ಅದಕ್ಕಿಂತ ಮೇಲಿನ ಮೆಚ್ಚುಗೆ ನಮ್ಮಲ್ಲಿ ತಯಾರಾಗುವುದಿಲ್ಲ. ಆದರೆ ಅದೇ ಜನ ಮಾನಪತ್ರ ಬರೆಯಲು ಕೂತರೆ ಜೀವಮಾನವಿಡೀ ಉಳಿಸಿದ ಹೊಗಳಿಕೆಯನ್ನೆಲ್ಲ ಒಂದೇ ದಿನ ಸುರಿದುಬಿಡುತ್ತಾರೆ. ಪ್ರತಿ ಪರಿಚ್ಛೇದದ ತಲೆಗೂ ಒಂದು ‘ಹೇ’. ಹೇ ಜ್ಞಾನದಾಯಿನಿ! ಹೇ ಕರ್ಮಯೋಗಿನಿ! ಓದುವವರ ಧ್ವನಿ ನಡುಗಬೇಕು, ಸನ್ಮಾನಿತರು ನೆಲ ನೋಡಬೇಕು. ಬರೆದದ್ದು ನಿಜವಾಗಿರಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ನಾನು ‘ಹೇ ಅಪ್ರತಿಮ ಆಡಳಿತ ಚತುರೆಯೇ!’ ಎಂದು ಆರಂಭಿಸಿದೆ. ಪಿ.ಟಿ. ಮಾಸ್ತರು ಗಣಪತಿ, ಊರಲ್ಲಿ ಉತ್ಪ್ರೇಕ್ಷೆಗೇ ಹೆಸರಾದವರು, ‘ಶರಾವತಿಗೆ ಮಹಾಪೂರ ಬಂದಾಗಲೂ ಈಜಿ ಶಾಲೆ ತಲುಪಿದ ಧೀರೆ’ ಎಂದು ಸೇರಿಸಿದರು.

“ಗಣಪತಿ ಮಾಸ್ತರೆ, ಸೇತುವೆ ಇದ್ಯಲ್ಲ?” ಎಂದೆ.

“ಇದ್ರೆ ಎಂತಾತು? ಮಾನಪತ್ರದಲ್ಲಿ ಸೇತುವೆ ಬರೂದಿಲ್ಲ!”

ಇರ್ಫಾನ್ ಮಾಸ್ತರು ‘ಅವರ ಕಂಠಕ್ಕೆ ಕೋಗಿಲೆಯೂ ನಾಚುವುದು’ ಎಂದು ಹಾಕಿದರು. ವಿಮಲಾ ಅಕ್ಕೋರು ಮಾತ್ರ ಒಂದು ಸಣ್ಣ ವಾಕ್ಯ ಬರೆದರು: ‘ಮಕ್ಕಳು ಬರದ ದಿನ ಮನೆ ಹುಡುಕಿಕೊಂಡು ಹೋದವರು.’ ನಿಜವಾದ ಮಾತು. ಸಪ್ಪೆ ಅನ್ನಿಸಿತು.

ಮುಖ್ಯ ಪಠ್ಯ ಹೀಗೆ ಭಕ್ತಿಯಿಂದ ಸಾಗುತ್ತಿದ್ದರೆ, ಅಂಚಿನ ಟಿಪ್ಪಣಿಗಳಲ್ಲಿ ಬೇರೆಯೇ ಸಾಹಿತ್ಯ ಬೆಳೆಯುತ್ತಿತ್ತು. ಗುಟ್ಟಿನ ಜಾಗವಲ್ಲವೇ! ‘ಅಕ್ಕೋರು ನಕ್ಕದ್ದನ್ನು ಕಂಡವರಿದ್ದೀರಾ?’ ಎಂದು ಇರ್ಫಾನ್ ಮಾಸ್ತರು ಕೇಳಿದರೆ, ಗಣಪತಿ ಮಾಸ್ತರು ‘ಒಂದು ಸಲ. ಆದರೆ ಅದು ಹಲ್ಲುನೋವು’ ಎಂದರು. ನಾನು ಹಿಂದೆ ಬೀಳಲೇ? ‘ಅಕ್ಕೋರು ನಗುವುದು ಸರ್ಕಾರಿ ರಜೆಯ ದಿನ ಮಾತ್ರ, ಅದೂ ರಜೆ ರದ್ದಾದರೆ’ ಎಂದು ಹಾಕಿದೆ. ಮೂವರಿಂದ ಮೆಚ್ಚುಗೆಯ ಹೆಬ್ಬೆರಳು ಸಿಕ್ಕಿತು. ಹಲವು ವರ್ಷಗಳಲ್ಲಿ ಸ್ಟಾಫ್ ರೂಮಿನಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಮನ್ನಣೆ.

ಆಮೇಲೆ ವಿಚಿತ್ರ ಶುರುವಾಯಿತು.

ಒಂದು ಬೆಳಿಗ್ಗೆ ತೆರೆದು ನೋಡಿದರೆ ‘ಹೇ ಅಪ್ರತಿಮ ಆಡಳಿತ ಚತುರೆಯೇ’ ಇಲ್ಲ. ಆ ಜಾಗದಲ್ಲಿ ‘ಆಡಳಿತ ಅಡ್ಡಿಲ್ಲ’ ಎಂದಿತ್ತು. ಶರಾವತಿ ಈಜಿದ ಸಾಹಸ ಹೋಗಿ, ‘ಮಳೆಗಾಲದಲ್ಲಿ ಬಸ್ಸು ತಡವಾದರೆ ತಡವಾಗಿ ಬರುತ್ತಿದ್ದರು’ ಎಂದಾಗಿತ್ತು. ಕೋಗಿಲೆಯೂ ಹಾರಿಹೋಗಿತ್ತು. ‘ಧ್ವನಿ ಬಂದರಿನವರೆಗೆ ಕೇಳುತ್ತದೆ’ ಎಂದು ಬರೆದಿತ್ತು.

ಬದಲಾವಣೆಯ ಚರಿತ್ರೆ ತೆಗೆದು ನೋಡಿದೆ. ಎಲ್ಲವನ್ನೂ ಬದಲಾಯಿಸಿದ್ದು ‘ಶಾಲೆ’. ಅಂದರೆ ನಾನು!

ಅಷ್ಟರಲ್ಲಿ ವಿಮಲಾ ಅಕ್ಕೋರ ಟಿಪ್ಪಣಿ ಬಂತು: ‘ಇದನ್ನು ಯಾರು ಬದಲಾಯಿಸಿದ್ದು?’

ನಾನು ಸ್ವಲ್ಪ ಹೊತ್ತು ಯೋಚಿಸಿದೆ. ಬದಲಾಯಿಸಿದ ನೆನಪಿಲ್ಲ. ಆದರೆ ಸ್ಕೂಟರ್ ಬಿಟ್ಟುಬಂದ ನೆನಪೂ ಇರಲಿಲ್ಲವಲ್ಲ. ದಾಖಲೆ ಒಂದು ಕಡೆ, ನನ್ನ ನೆನಪು ಒಂದು ಕಡೆ. ವಿಚಾರವಂತನಾದವನು ಯಾವುದನ್ನು ನಂಬಬೇಕು? ‘ನಾನೇ ಇರಬೇಕು’ ಎಂದು ಉತ್ತರಿಸಿದೆ.

ಮನೆಯಲ್ಲಿ ಹೆಂಡತಿ ಗೀತಾಳನ್ನು ಕೇಳಿದೆ. “ನಾನು ಬೆಳಿಗ್ಗೆ ಫೋನ್ ಹಿಡ್ಕೊಂಡು ಏನಾದ್ರೂ ತಿದ್ದುತ್ತಾ ಇದ್ನೇನೇ?”

“ನಂಗೆಂತ ಗೊತ್ತು? ಬೆಳಿಗ್ಗೆ ನೀವು ಒಂದೇ ಮಾತ್ರೆ ಎರಡು ಸಲ ನುಂಗೂಕೆ ಹೊರಟಿದ್ರಿ. ಅದನ್ನ ತಪ್ಸೂದ್ರಲ್ಲೇ ನಂಗೆ ಸಾಕಾಗ್ತದೆ.”

“ಮಾನಪತ್ರದಿಂದ ಹೊಗಳಿಕೆ ಎಲ್ಲ ಯಾರೋ ತೆಗೀತಿದ್ದಾರೆ.”

“ನೀವೇ ತೆಗ್ದಿರ್ತ್ರಿ ಬಿಡಿ. ಹೊಗಳೂದು ನಿಮ್ಗೆ ಯಾವಾಗ ಬತ್ತಿತ್ತು? ಮದ್ವೆ ಆದಾಗಿಂದ ನಾನೂ ಕಾಯ್ತೇ ಇದ್ದೆ.”

ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ನಾನು ಮತ್ತೆ ಎಲ್ಲ ಹೊಗಳಿಕೆಯನ್ನೂ ಒಳಗೆ ಹಾಕಿದೆ. ಮರುದಿನ ಬೆಳಿಗ್ಗೆ ಮತ್ತೆ ಖಾಲಿ. ಹಾಕಿದೆ. ಖಾಲಿ. ಅದೂ ಯಾವಾಗಲೂ ಬೆಳಿಗ್ಗೆ, ಕುಮಟೆಯ ಬಸ್ಸು ಬರುವ ಮೊದಲು. ವಿಮಲಾ ಅಕ್ಕೋರು ಪ್ರತಿ ಸಲವೂ ಬಿಡದೆ ‘ಇದನ್ನು ಯಾರು ಬದಲಾಯಿಸಿದ್ದು?’ ಎಂದು ಕೇಳುವರು. ನಾನು ಪ್ರತಿ ಸಲವೂ ‘ನಾನೇ ಇರಬೇಕು’ ಎನ್ನುವೆ. ನಿಜ ಹೇಳುತ್ತೇನೆ, ನನಗೆ ನನ್ನ ಮೇಲೇ ಒಂದು ಬಗೆಯ ಗೌರವ ಹುಟ್ಟತೊಡಗಿತ್ತು. ನನ್ನ ಒಳಗೆ ಎಲ್ಲೋ ಒಬ್ಬ ನಿಷ್ಠುರ ಸತ್ಯವಾದಿ ಕೂತಿದ್ದಾನೆ, ನನಗೇ ತಿಳಿಯದಂತೆ ಎದ್ದು ಸುಳ್ಳನ್ನೆಲ್ಲ ಅಳಿಸಿ ಹೋಗುತ್ತಿದ್ದಾನೆ ಎಂದುಕೊಂಡೆ. ಅವನ ಭಾಷೆಯೂ ನನ್ನದಕ್ಕಿಂತ ಚೆನ್ನಾಗಿತ್ತು!

ಇರ್ಫಾನ್ ಮಾಸ್ತರು ಮಾತ್ರ ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದರು. “ಸಾಬ್, ಡಾಕ್ಟ್ರಿಗೆ ತೋರ್ಸಿದ್ರೆ ಅಡ್ಡಿಲ್ಲ.”

ಬೀಳ್ಕೊಡುಗೆಯ ದಿನ ಬಂತು. ಬೆಳಿಗ್ಗೆ ಕೊನೆಯ ಸಲ ಎಲ್ಲವನ್ನೂ ಸರಿಪಡಿಸಿದೆ. ಅಪ್ರತಿಮ ಚತುರೆ ಮರಳಿದಳು, ಶರಾವತಿ ಉಕ್ಕಿತು, ಕೋಗಿಲೆ ಕೂತಲ್ಲೇ ಕೂತಿತು. ಸಭಾಂಗಣ ತುಂಬಿತ್ತು. ಮಕ್ಕಳು, ಪಾಲಕರು, ಹಳೆಯ ವಿದ್ಯಾರ್ಥಿಗಳು. ವೇದಿಕೆಯ ಮೇಲೆ ಅಧ್ಯಕ್ಷರು, ಪಕ್ಕದಲ್ಲಿ ಶಾಲು ಹೊದ್ದ ಸರೋಜಿನಿ ಅಕ್ಕೋರು. ನಾನು ಹೊಸ ಜುಬ್ಬಾ ಹಾಕಿಕೊಂಡು ಮೈಕಿನ ಮುಂದೆ ನಿಂತೆ. ಎದುರಿಗೆ ಲ್ಯಾಪ್‌ಟಾಪ್, ಹಿಂದೆ ಗೋಡೆಯಗಲದ ಪರದೆ.

“ಸನ್ಮಾನ್ಯರೇ, ನಮ್ಮ ತಾಲೂಕಿನ ಶೈಕ್ಷಣಿಕ ಇತಿಹಾಸದಲ್ಲಿ ಬಹುಶಃ ಪ್ರಥಮ ಬಾರಿಗೆ, ಅತ್ಯಂತ ಗೌಪ್ಯವಾಗಿ, ತಂತ್ರಜ್ಞಾನದ ನೆರವಿನಿಂದ ರಚಿತವಾದ ಮಾನಪತ್ರವನ್ನು ತಮ್ಮ ಮುಂದೆ ಅನಾವರಣಗೊಳಿಸುತ್ತಿದ್ದೇನೆ!”

ಚಪ್ಪಾಳೆ. ಅಧ್ಯಕ್ಷರು ತಲೆದೂಗಿದರು. ಕುರ್ಚಿಯ ಟವೆಲ್ ನನ್ನ ಬೆನ್ನಿಗೆ ತಾಗಿದಂತಾಯಿತು.

“ಹೇ ಅಪ್ರತಿಮ...” ಎಂದು ಶುರುಮಾಡಿದೆ. ‘ಆಡಳಿತ ಚತುರೆಯೇ’ ಎಂದು ಮುಂದೆ ಓದಲು ನೋಡಿದರೆ, ಆ ಅಕ್ಷರಗಳು ನನ್ನ ಕಣ್ಣೆದುರೇ ಒಂದೊಂದಾಗಿ ಹಿಂದಿನಿಂದ ಮಾಯವಾಗುತ್ತಿದ್ದವು. ಸಭೆಯಲ್ಲಿ ಯಾರೋ ಕಿಸಕ್ಕೆಂದರು.

ಮೊಣಕೈ ಕೀಲಿಮಣೆಗೆ ತಾಗಿರಬೇಕು ಎಂದುಕೊಂಡು ಸ್ವಲ್ಪ ಹಿಂದೆ ಸರಿದೆ. ಅಕ್ಷರಗಳು ಅಳಿಯುತ್ತಲೇ ಇದ್ದವು. ಕೈ ಎತ್ತಿದೆ. ಇನ್ನೊಂದು ಕೈಯನ್ನೂ ಎತ್ತಿದೆ. ನಾನು ಏನನ್ನೂ ಮುಟ್ಟುತ್ತಿಲ್ಲ ಎಂದು ನನಗೇ ಖಾತ್ರಿ ಮಾಡಿಕೊಳ್ಳಲು ಎರಡೂ ಕೈಗಳನ್ನು ತಲೆಯ ಮೇಲೆ ಹಿಡಿದು ನಿಂತೆ. ನಾನು ಭಾವೋದ್ವೇಗಕ್ಕೆ ಒಳಗಾಗಿದ್ದೇನೆಂದು ತಿಳಿದು ಮುಂದಿನ ಸಾಲಿನ ಪಾಲಕರು ಇನ್ನೊಂದು ಚಪ್ಪಾಳೆ ಹೊಡೆದರು.

ಪರದೆಯ ಮೇಲೆ ಈಗ ‘ಆಡಳಿತ ಅಡ್ಡಿಲ್ಲ’ ಎಂದಿತ್ತು.

ನೋಡುನೋಡುತ್ತಲೇ ಶರಾವತಿ ಬತ್ತಿತು. ಕೋಗಿಲೆ ಹಾರಿತು. ನನ್ನೊಳಗಿನ ಸತ್ಯವಾದಿ ಕೈಕಾಲಿಲ್ಲದೆಯೂ ಕೆಲಸ ಮಾಡಬಲ್ಲನೇ? ಗಾಬರಿಯಲ್ಲಿ ಏನೋ ಒತ್ತಿದೆ. ಅದು ಅಂಚಿನ ಟಿಪ್ಪಣಿಗಳನ್ನು ತೆರೆಯುವ ಗುಂಡಿ!

ಪರದೆಯ ಮೇಲೆ ಹಲ್ಲುನೋವು ಬಂತು. ಅದರ ಕೆಳಗೆ, ಗೋಡೆಯಗಲಕ್ಕೆ, ‘ಅಕ್ಕೋರು ನಗುವುದು ಸರ್ಕಾರಿ ರಜೆಯ ದಿನ ಮಾತ್ರ, ಅದೂ ರಜೆ ರದ್ದಾದರೆ.’ ಮಕ್ಕಳು ಗಟ್ಟಿಯಾಗಿ ಓದಿದರು. ನಾನು ಕಲಿಸಿದ ಪಾಠವನ್ನು ಅವರು ಎಂದೂ ಇಷ್ಟು ಸ್ಪಷ್ಟವಾಗಿ ಓದಿದ್ದಿಲ್ಲ.

ಆಗ ಆ ಟಿಪ್ಪಣಿಯ ಕೆಳಗೆ, ‘ಶಾಲೆ’ಯ ಹೆಸರಿನಲ್ಲಿ, ಒಂದು ಹೊಸ ಉತ್ತರ ಮೂಡಿತು:

‘ಓದಿದೆ. ಅಡ್ಡಿಲ್ಲ.’

ನನ್ನ ಎರಡೂ ಕೈ ಮತ್ತೆ ಮೇಲೇರಿದ್ದವು. ನಿಧಾನಕ್ಕೆ ತಿರುಗಿ ನೋಡಿದೆ. ಅಕ್ಕೋರು ಶಾಲಿನ ಮರೆಯಲ್ಲಿ ಫೋನ್ ಹಿಡಿದಿದ್ದರು. ಅವರ ಹೆಬ್ಬೆರಳು ಇನ್ನೂ ಆಡುತ್ತಿತ್ತು.

ಅವರು ಎದ್ದು ಬಂದು ನನ್ನ ಮುಂದಿದ್ದ ಮೈಕ್ ತೆಗೆದುಕೊಂಡರು.

“ಆ ಖಾತೆ ಇರೂದೇ ನನ್ನ ಫೋನಲ್ಲಿ,” ಎಂದರು. “ನೀವು ಒಂದು ಅಕ್ಷರ ಬರೆದ್ರೂ ನಂಗೆ ಟಿಂಗ್ ಅಂತದೆ. ನನ್ನತ್ರನೇ ಓಟಿಪಿ ಕೇಳಿ, ನನ್ನ ಬಗ್ಗೆನೇ ಗುಟ್ಟಾಗಿ ಬರಿಯೂಕೆ ಹೊರಟ ಶಾಲೆ ನಮ್ಮದೊಂದೇ ಇರ್ಬೇಕು!”

ಸಭಾಂಗಣ ನಕ್ಕ ನಗುವಿಗೆ ಹೆಂಚಿನ ಮೇಲಿದ್ದ ಪಾರಿವಾಳಗಳು ಎದ್ದುಹೋದವು.

“ಬೇಜಾರಿಲ್ಲ ಮತ್ತೆ. ದಿನಾ ಬಸ್ಸಲ್ಲಿ ಓದ್ತಾ ಬತ್ತಿದ್ದೆ. ಕಂಡಕ್ಟರ್ ಕೇಳ್ದ, ‘ಅಕ್ಕೋರೆ, ಒಬ್ರೇ ಎಂತಕ್ಕೆ ನಗ್ತ್ರಿ?’ ಅಂತ. ಈಜೂಕೆ ನಂಗೆ ಬರೂದಿಲ್ಲ ಗಣಪತಿ ಮಾಸ್ತರೆ. ಅದಕ್ಕೆ ತೆಗ್ದೆ. ಆ ಹಲ್ಲುನೋವು ಮಾತ್ರ ಖರೆ.” ಆಮೇಲೆ ಪರದೆಯ ಕಡೆ ಕೈ ತೋರಿಸಿದರು. “ವಿಮಲಾ ಬರೆದ ಒಂದು ಸಾಲಿದೆ, ಮಕ್ಕಳ ಮನೆ ಹುಡುಕ್ಕೊಂಡು ಹೋದದ್ದು. ಅದನ್ನ ನಾನು ಮುಟ್ಲಿಲ್ಲ. ಅದೊಂದು ಇರ್ಲಿ.”

ಯಾರೋ ಮೂಗು ಸೀಟಿದರು. ಗಣಪತಿ ಮಾಸ್ತರೇ ಇರಬೇಕು.

ನಾನು ಇನ್ನೂ ಆಸೆ ಬಿಟ್ಟಿರಲಿಲ್ಲ. ಬೇಜಾರಿಲ್ಲ ಎಂದರಲ್ಲ! ಅಧ್ಯಕ್ಷರೂ ನಗುತ್ತಿದ್ದರಲ್ಲ! ಸರಿಯಾಗಿ ಆಗಲೇ ಅಧ್ಯಕ್ಷರು, “ಅಕ್ಕೋರೆ, ಹಾಗೇ ಚಾರ್ಜ್ ಯಾರಿಗೆ ಅಂತಲೂ ಹೇಳಿಬಿಡಿ. ಎಲ್ಲ ಇಲ್ಲೇ ಇದ್ದಾರೆ,” ಎಂದರು.

ಅಕ್ಕೋರು ನನ್ನ ಕಡೆ ನೋಡಿದರು. ನಾನು ಕೈ ಇಳಿಸಿದೆ. ಜುಬ್ಬಾ ಸರಿಮಾಡಿಕೊಂಡೆ.

“ಮೊದ್ಲು ನಾಯ್ಕ ಮಾಸ್ತರಿಗೇ ಅಂದ್ಕಂಡಿದ್ದೆ,” ಎಂದರು. “ಓದ್ಕೊಂಡವರು. ಶಾಸನ ಸಿಕ್ಕಿದ್ರೆ ಯಾರು ಬರೆಸಿದ್ದು ಅಂತ ಕೇಳ್ಬೇಕು ಅಂತ ಮಕ್ಕಳಿಗೆ ಕಲಿಸೂರು. ಆದ್ರೆ ನಾನು ದಿನಾ ಅವರು ಬರೆದದ್ದನ್ನ ಬದ್ಲಾಯಿಸ್ತಾ ಬಂದೆ. ಯಾರು ಬದ್ಲಾಯ್ಸಿದ್ದು ಅಂತ ಅವರು ಒಂದಿನಾನೂ ಕೇಳ್ಲಿಲ್ಲ. ‘ನಾನೇ ಇರಬೇಕು’ ಅಂತ ಒಪ್ಕೊಂಡ್ರು. ನಾಳೆ ಯಾರಾದ್ರೂ ಹಾಜರಿ ಬದ್ಲಾಯಿಸಿದ್ರೂ ‘ನಾನೇ ಇರಬೇಕು’ ಅಂತ ಸಹಿ ಹಾಕ್ತ್ರು! ಕೇಳಿದ್ದು ವಿಮಲಾ ಒಬ್ಬಳೇ. ಚಾರ್ಜ್ ಅವಳಿಗೇ ಇರ್ಲಿ.”

ಇಡೀ ಸಭೆ ಚಪ್ಪಾಳೆ ಹೊಡೆಯಿತು. ನಾನೂ ಹೊಡೆದೆ. ಹೊಡೆದದ್ದು ನನಗೆ ಚೆನ್ನಾಗಿ ನೆನಪಿದೆ.

ವೇದಿಕೆಯಿಂದ ಇಳಿಯುವಾಗ ನಾನೊಂದು ಪ್ರತಿಜ್ಞೆ ಮಾಡಿದೆ. ಇನ್ನು ಮುಂದೆ ಯಾವ ದಾಖಲೆ, ಯಾವ ಸಾಕ್ಷಿ ಏನೇ ಹೇಳಲಿ, ನನ್ನ ನೆನಪನ್ನು ನಾನು ಬಿಟ್ಟುಕೊಡುವುದಿಲ್ಲ! ಅಕ್ಕೋರು ಕುಮಟೆಯಲ್ಲಿ ಕೂತೇ ಪಶ್ಚಾತ್ತಾಪ ಪಡುವಂತೆ ಗಟ್ಟಿ ಮನುಷ್ಯನಾಗುತ್ತೇನೆ!

ಮರುದಿನ ಪೇಟೆಗೆ ಹೋದರೆ ಮೀನು ಮಾರುವ ಸುಕ್ರಿ ಕೇಳಿದಳು. “ಹೋಯ್ ಮಾಸ್ತರೆ, ನಿನ್ನೆ ಸ್ಟೇಜಿಂದ ಕೆಳಗೆ ಬಿದ್ರಂತಲ್ರಾ? ಪೆಟ್ಟಾತಾ?”

“ಬಿದ್ದಿಲ್ಲ!” ಎಂದೆ, ಗಟ್ಟಿಯಾಗಿ.

“ಅಯ್ಯ, ನಾಚ್ಕೆ ಎಂತಕ್ಕೆ? ಎಲ್ಲ ಹೇಳ್ತಾ ಇದ್ರು.”

ಕ್ಷೌರದಂಗಡಿಯಲ್ಲಿಯೂ ಅದೇ. ಬಸ್ ಸ್ಟ್ಯಾಂಡಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ತಾನು ಕೂತ ಸೀಟು ಬಿಟ್ಟುಕೊಟ್ಟು, “ಕೂತ್ಕೊಳ್ಳಿ ಸರ್, ಕಾಲಿಗೆ ತ್ರಾಸ ಕೊಡ್ಬೇಡಿ,” ಎಂದ. ನಾನು ಹಟ ಹಿಡಿದು ನಿಂತೇ ಇದ್ದೆ. ಶಾಲೆಗೆ ಹೋದವನೇ ಗಣಪತಿ ಮಾಸ್ತರನ್ನು ಹಿಡಿದುಕೊಂಡೆ.

“ನಾನು ನಿನ್ನೆ ಬಿದ್ದದ್ದುಂಟೇ?”

“ಅಲ್ದಾ ಮತ್ತೆ? ನಾನೇ ಅಲ್ದಾ ಎತ್ತಿದ್ದು!” ಎಂದರು ಅವರು, ಕಣ್ಣು ಮಿಟುಕಿಸದೆ.

ಶರಾವತಿಯನ್ನು ಈಜಿಸಿದ ಮನುಷ್ಯ ಅವರು, ನಂಬಬಾರದು ಎಂದುಕೊಂಡೆ. ಆದರೆ ಇತಿಹಾಸದ ಪದ್ಧತಿಯ ಪ್ರಕಾರ ನೋಡಿದರೆ, ಪರಸ್ಪರ ಸಂಬಂಧವಿಲ್ಲದ ಹಲವು ಆಧಾರಗಳು ಒಂದೇ ಮಾತನ್ನು ಹೇಳುತ್ತಿವೆ. ಎದುರಿಗೆ ಇರುವುದು ನನ್ನ ನೆನಪೊಂದೇ. ಅದರ ಯೋಗ್ಯತೆ ನನಗೆ ಗೊತ್ತಿಲ್ಲವೇ? ಮೂರನೇ ಪೀರಿಯಡ್ಡಿನ ಹೊತ್ತಿಗೆ ಮೊಣಕಾಲಿನಲ್ಲಿ ಏನೋ ಚುಳುಕ್ ಎಂದಿತು.

ಸಂಜೆ ಮನೆಗೆ ಬಂದು ಜಗಲಿಯಲ್ಲಿ ಕೂತು, ಪಂಚೆ ಎತ್ತಿ, ಬಲಗಾಲಿನ ಮಂಡಿಗೆ ಮುಲಾಮು ತಿಕ್ಕತೊಡಗಿದೆ. ಗೀತಾ ಚಾ ತಂದಿಟ್ಟು ಸ್ವಲ್ಪ ಹೊತ್ತು ನೋಡಿದಳು.

“ಪಕ್ಕದ ಮನೇರು ಹೇಳಿದ್ರು, ಪೆಟ್ಟಾದದ್ದು ಎಡಗಾಲಿಗಂತೆ,” ಎಂದಳು.

ನಾನು ಮುಲಾಮನ್ನು ಎಡಗಾಲಿಗೆ ಹಚ್ಚಿಕೊಂಡೆ.